ಇಂಕಾ ಟ್ರೇಲ್‌ಗೆ ಗುಂಪು ಕಟ್ಕೊಂಡು ಹೊಂಟೀವಿ, ಹೋಗಿ ಬಂದವ್ರು ಹೇಳ್ರಿ

ಟಿಳಕವಾಡಿ_ಟ್ರೆಕ್ಕರ್:
ನಮಸ್ಕಾರ್ರೀ ಎಲ್ಲಾರಿಗೂ. ಬೆಳಗಾವಿಯಿಂದ ನಾವು ಗೆಳ್ಯಾರು ಕೂಡಿ ಪೆರುದಾಗ ನಾಲ್ಕು ದಿನದ ಇಂಕಾ ಟ್ರೇಲ್, ಅಂದ್ರ ಹಿಂದಿನ ಇಂಕಾ ಜನ ಮಾಡಿದ ಗುಡ್ಡದ ಕಾಲುದಾರಿ, ನಡದು ಅವರ ಹಳೇ ಊರು ಮಾಚು ಪಿಚು ನೋಡೋಣಂತ ಮಾಡೀವಿ. ಜಾಂಬೋಟಿ ಕಾಡು, ರಾಜಹಂಸಗಡ ಅಡ್ಡಾಡಿ ರೂಢಿ ಐತಿ ಆದ್ರ ಅಷ್ಟು ಎತ್ತರಕ್ಕ ಯಾರೂ ಹೋಗಿಲ್ಲ. ಜೋಡಿ ನಮ್ಮ ಕಾಕಾನೂ ಬರ್ತಾರ, ಅರವತ್ತರ ಹತ್ರ ಬಂದಾರ, ದಿನಾ ವಾಕಿಂಗ್ ಐತಿ. ಪರ್ಮಿಟ್ ನಾವ ತಗೋಬಹುದೇನು, ಯಾವ ತಿಂಗಳು ಚಲೋ?

ಬಾಗಲಕೋಟಿ_ಅಕ್ಕ:
ತಮ್ಮಾ, ಮೊದ್ಲ ಪರ್ಮಿಟ್ ನೋಡ್ರಿ. ದಿನಕ್ಕ 500 ಮಂದಿಗಷ್ಟ ಬಿಡ್ತಾರ, ಗೈಡು, ಅಡಗಿಯವ್ರು, ಸಾಮಾನು ಹೊರೋರು ಎಲ್ಲಾರೂ ಅದ್ರಾಗ ಬಂದ್ರು, ಹಿಂಗಾಗಿ ಪ್ರವಾಸಿಗಳಿಗೆ ಉಳಿಯೋದು ಅರ್ಧಕ್ಕಿಂತ ಕಡಿಮಿ. ನಿಮ್ಮಷ್ಟಕ್ಕ ನೀವು ಹೋಗಾಕ ಬರಂಗಿಲ್ಲ, ಲೈಸೆನ್ಸ್ ಇದ್ದ ಏಜೆನ್ಸಿನ ಆಗ್ಬೇಕು. ಪರ್ಮಿಟ್ ಪಾಸ್‌ಪೋರ್ಟ್ ನಂಬರ್ ಮ್ಯಾಲೆ ಇರ್ತೈತಿ, ಒಬ್ಬಾಂವ ಕೈ ಕೊಟ್ರ ಅವನ ಜಾಗಾಕ್ಕ ಇನ್ನೊಬ್ಬನ್ನ ಹಾಕಾಕ ಆಗಂಗಿಲ್ಲ, ಅದಕ್ಕ ಬರೋರು ಯಾರಂತ ಖಾತ್ರಿ ಮಾಡ್ಕೊಂಡ ರೊಕ್ಕ ಕಟ್ರಿ. ಫೆಬ್ರವರಿ ಪೂರ್ತಿ ದಾರಿ ಬಂದ್. ಮೇದಿಂದ ಸೆಪ್ಟೆಂಬರ್ ಮಳಿ ಭಾಳ ಕಡಿಮಿ, ರಾತ್ರಿ ಥಂಡಿ ಮಾತ್ರ ಭಾಳ.

ಗೋಳಗುಮ್ಮಟ_ಹುಡುಗ:
ಪರ್ಮಿಟ್ ಏಜೆನ್ಸಿಯವ್ರು ಮಾಡ್ತಾರ ಬಿಡ್ರಿ, ನೀವು ಎತ್ತರದಾಗ ಗಾಳಿ ತೆಳು ಆಗೋದರ ವಿಚಾರ ಮಾಡ್ರಿ. ಬೆಳಗಾವಿ ಇರೋದು ಸುಮಾರು 750 ಮೀಟರ್ ಎತ್ತರದಾಗ, ನೀವು ಮೊದ್ಲ ಇಳಿಯೋ ಕುಸ್ಕೊ ಊರು 3,400. ವಿಮಾನ ಇಳಿದು ಬ್ಯಾಗ್ ಎತ್ತಿದ್ರ ಸಾಕು ಎದಿ ಡಬಡಬ ಅಂತದ. ಟ್ರೆಕ್ಕಿಗೆ ಮುಂಚೆ ಅಲ್ಲಿ ಎರಡು ಮೂರು ದಿನ ಸುಮ್ನ ಇರ್ರಿ, ನೀರು ಕುಡೀರಿ, ಕೋಕಾ ಎಲಿ ಚಹಾ ಎಲ್ಲಾ ಕಡೆ ಕೊಡ್ತಾರ. ಖರೇ ಪರೀಕ್ಷೆ ಎರಡನೇ ದಿನ, 3,000 ಮೀಟರ್‌ನಿಂದ 4,215 ಮೀಟರಿನ ವಾರ್ಮಿವಾನ್ಯುಸ್ಕ ಘಾಟಿಗೆ ಏರಬೇಕು, ಮತ್ತ ಆಕಡೆ ಕಲ್ಲಿನ ಮೆಟ್ಟಲ ಇಳೀಬೇಕು. ಒಂದು ಮೆಟ್ಟಲ ಗೇಣುದ್ದ ಇದ್ರ ಮುಂದಿಂದು ಮೊಣಕಾಲಮಟ ಬರ್ತದ, ಏರೋದಕಿಂತ ಇಳಿಯೋದ್ರಾಗನ ಮೊಣಕಾಲು ಹೋಗ್ತಾವು. ಕೋಲು ಬೇಕೇ ಬೇಕು, ತುದಿಗೆ ರಬ್ಬರ್ ಇರ್ಬೇಕು, ಇಲ್ಲಾಂದ್ರ ಹಳೇ ಕಲ್ಲು ಹಾಳಾಗ್ತಾವಂತ ಬಿಡಂಗಿಲ್ಲ. ಕಾಕಾರನ್ನ ಈಗ್ಲೇ ಡಾಕ್ಟರಿಗೆ ತೋರಸ್ರಿ. ಅಲ್ಲಿ ತಲಿನೋವು, ವಾಂತಿ ಹೆಚ್ಚಾದ್ರ ಮರ್ಯಾದಿ ನೋಡಬ್ಯಾಡ್ರಿ, ಕೆಳಗ ಇಳಸ್ರಿ.

ಟಿಳಕವಾಡಿ_ಟ್ರೆಕ್ಕರ್:
ಕಾಕಾ ಓದಿದ್ರು, ನಾಳೇನ ಇಸಿಜಿ ತಗಸ್ತೀನಂದ್ರು. ಪರ್ಮಿಟ್ ಸಿಗಲಿಲ್ಲಂದ್ರ?

ಬಾಗಲಕೋಟಿ_ಅಕ್ಕ:
ಮಾಚು ಪಿಚು ಕಡೆ ಹೋಗಾಕ ಸಾಲ್ಕಾಂಟೈ ಅನ್ನೋ ಬ್ಯಾರೆ ದಾರಿ ಐತಿ, ಅದಕ್ಕ ಆ ಪರ್ಮಿಟ್ ಬೇಕಾಗಿಲ್ಲ, ಆದ್ರ ಅದು ಇನ್ನೂ ಎತ್ತರ, 4,600 ದಾಟತೈತಿ, ಕಾಕಾರಿಗೆ ನಾ ಹೇಳಂಗಿಲ್ಲ. ಇನ್ನೊಂದು ಮಾತು, ಎಲ್ಲಾರೂ ಕಡೀ ದಿನ ಮಾಚು ಪಿಚು ಕಾಣೋ ಸೂರ್ಯದ್ವಾರಕ್ಕ ಓಡ್ತಾರ, ನೀವು ಮೂರನೇ ದಿನ ಸಂಜಿಕ ದಾರ್ಯಾಗಿನ ಇಂಕಾ ಹಾಳೂರು ವಿನ್ಯಾಯ್ ವೈನಾ ತಪ್ಪದ ನೋಡ್ರಿ. ಗುಡ್ಡದ ಓರೀಗೆ ಪಾವಟಿಗಿ ಹಂಗ ಹೊಲ, ನಡುವ ನೀರು ಹರಿಸೋ ಕಲ್ಲಿನ ತೊಟ್ಟಿ ಸಾಲು. ಗಾರಿ ಇಲ್ದನ ಕಲ್ಲಿಗೆ ಕಲ್ಲು ಕೂಡಿಸ್ಯಾರ. ನಾವು ಐಹೊಳಿ, ಪಟ್ಟದಕಲ್ಲು ನೋಡ್ಕೊಂತ ಬೆಳದವ್ರು, ಚಾಲುಕ್ಯರು ಹಿಂಗ ಕೂಡ್ಸಿದ್ದು ಅದಕ್ಕಿಂತ ಏಳುನೂರು ವರ್ಷ ಮೊದಲ, ಹಂಗಾಗಿ ಕೈ ತಂತಾನ ಸಂದಿ ಹುಡುಕಾಕ ಹೋಗ್ತೈತಿ. ಮತ್ತ ಸಾಮಾನು ಹೊರೋರಿಗೆ ಟಿಪ್ಸ್ ಅಂತ ಬ್ಯಾರೆ ರೊಕ್ಕ, ಸೋಲ್ ಅಂದ್ರ ಪೆರುವಿನ ರೊಕ್ಕ, ಅದರ ಸಣ್ಣ ನೋಟು ಕುಸ್ಕೊದಾಗನ ತಗೋರಿ, ಘಾಟಿ ಮ್ಯಾಲೆ ಎಟಿಎಂ ಇಲ್ಲ.