ಸಹಾಯ ಬೇಕು: ಹೇಲೋ ತೆಗೆಯಲು ಹೋದರೆ ನಡುವಿನ ಪ್ರೋಟಾನ್‌ಗಳೂ ಅಲುಗಾಡುತ್ತಿವೆ

ಆಕ್ಸಿಲರೇಟರ್ ಫಿಸಿಕ್ಸ್ ಗೊತ್ತಿರುವವರು ಯಾರಾದರೂ ಇದ್ದೀರಾ? ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಎಲ್‌ಎಚ್‌ಸಿಯ (ಪ್ರೋಟಾನ್‌ಗಳನ್ನು ಉಂಗುರದಲ್ಲಿ ಸುತ್ತಿಸಿ ಡಿಕ್ಕಿ ಹೊಡೆಸುವ ದೊಡ್ಡ ಯಂತ್ರ) ಪ್ರೋಟಾನ್ ಕಿರಣದ ಸಣ್ಣ ಸಿಮ್ಯುಲೇಷನ್ ಬರೆದಿದ್ದೇನೆ. ಕಿರಣದ ಅಂಚಿನಲ್ಲಿ ಚದುರಿಕೊಳ್ಳುವ ಹೇಲೋ ತೆಗೆಯಲು ಸುತ್ತಲೂ ಟೊಳ್ಳು ಕೊಳವೆಯಂಥ ಎಲೆಕ್ಟ್ರಾನ್ ಕಿರಣ ಇಟ್ಟೆ. ಉದ್ದ 3 ಮೀಟರ್, ಕರೆಂಟ್ 5 ಆಂಪಿಯರ್. ಗಾಸ್ ನಿಯಮದ ಪ್ರಕಾರ ಟೊಳ್ಳಿನೊಳಗೆ ಫೀಲ್ಡ್ ಸೊನ್ನೆ, ಅಲ್ವಾ?

ಕರೆಂಟ್ ಒಂದೇ ಸಮನೆ ಹರಿಸಿದರೆ ನಡುವಿನ ಪ್ರೋಟಾನ್‌ಗಳು ತಣ್ಣಗಿವೆ. ಆದರೆ ಹೇಲೋ ಆಮೆ ನಡಿಗೆಯಲ್ಲಿ ಖಾಲಿಯಾಗುತ್ತದೆ. ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿದ ಹಾಗೆ ಆನ್-ಆಫ್ ಮಾಡಿದರೆ ಹೇಲೋ ಬೇಗ ಹೋಗುತ್ತದೆ, ಜೊತೆಗೆ ಎಮಿಟನ್ಸ್ (ಕಿರಣ ಎಷ್ಟು ಹರಡಿಕೊಂಡಿದೆ ಎಂಬ ಅಳತೆ) ಕೂಡ ಏರುತ್ತದೆ!

ಕಣಗಳ ಸಂಖ್ಯೆ ಜಾಸ್ತಿ ಮಾಡಿದೆ, ಕೋಡ್ ಮೂರು ಸಲ ತಿರುವಿ ಹಾಕಿದೆ. ಊಹೂಂ. ಎಲೆಕ್ಟ್ರಾನ್‌ಗಳು ಒಳಬರುವ, ಹೊರಹೋಗುವ ತಿರುವುಗಳನ್ನು ತೆಗೆದಾಗ ಮಾತ್ರ ಎಮಿಟನ್ಸ್ ಗ್ರಾಫ್ ಮಟ್ಟಸವಾಯಿತು. ಅಲ್ಲಿ ಅವು ಪ್ರೋಟಾನ್ ದಾರಿಗೆ ಅಡ್ಡ ಬರುತ್ತವಲ್ಲ, ಆ ತಳ್ಳು ನಡುವಿನವಕ್ಕೂ ತಟ್ಟುತ್ತದೆ. ಹಾಗಂತ ತಿರುವೇ ಇಲ್ಲದ ಯಂತ್ರ ಕಟ್ಟೋಕಾಗುತ್ತಾ?

ನನ್ನ ಮಾದರಿಯಲ್ಲಿ ಎಲೆಕ್ಟ್ರಾನ್‌ಗಳ ದಾರಿ ‘ಯು’ ಆಕಾರ, ಅಂದರೆ ಬಂದ ಬದಿಗೇ ಹೊರಹೋಗುತ್ತವೆ. ‘ಎಸ್’ ಆಕಾರದಲ್ಲಿ (ಎದುರು ಬದಿಗೆ ಹೊರಹೋದರೆ) ಎರಡು ತಿರುವಿನ ತಳ್ಳು ಒಂದನ್ನೊಂದು ಅಳಿಸುತ್ತವೆ ಎಂದು ಓದಿದೆ. ಹಾಗೆ ಬದಲಿಸಿದರೆ ಆನ್-ಆಫ್ ಇದ್ದರೂ ಎಮಿಟನ್ಸ್ ಏರುವುದು ನಿಲ್ಲುತ್ತದಾ? ಇಲ್ಲಾ, ಅಳಿಯದೆ ಉಳಿದ ಚೂರು ತಳ್ಳೇ ಸಾಕಾ, ಅದು ಏರೋಕೆ?