ಎಚ್‌ಪಿ-25ಕ್ಕೆ ಮನೆಯಲ್ಲೇ ಪವರ್ ಸಪ್ಲೈ: ಮಾಡಿದವರು ಹೇಳಿ

ಪ್ರಶ್ನೆ:
ನಮ್ಮ ದೊಡ್ಡಪ್ಪ ಅಮೆರಿಕದಿಂದ ತಂದಿದ್ದ ಎಚ್‌ಪಿ-25 ಕ್ಯಾಲ್ಕುಲೇಟರ್ ಈಗ ನನ್ನ ಹತ್ತಿರ ಇದೆ. 1975ರ ಮಾಡೆಲ್, ಕೆಂಪು ಎಲ್‌ಇಡಿ ಡಿಸ್‌ಪ್ಲೇ. ಬ್ಯಾಟರಿ ಸೋರಿ ಹಾಳಾಗಿದೆ. ಜೊತೆಗೆ ಬಂದ ಚಾರ್ಜರ್ ಮೇಲೆ 110 ವೋಲ್ಟ್ ಅಂತಿದೆ. ಬ್ಯಾಟರಿ ಗೊಡವೆಯೇ ಬೇಡ, ಒಂದು ಸಪ್ಲೈ ಮಾಡಿ ಚಾರ್ಜರ್ ಸಾಕೆಟ್‌ಗೆ ಕೊಡೋಣ ಅಂತಿದ್ದೇನೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಸಾಕೆಟ್‌ಗೆ ಮಾತ್ರ ಏನೂ ಕೊಡಬೇಡಿ ಸರ್. ಎಚ್‌ಪಿ-21, 25, 29ಸಿ, ಈ ಸಾಲಿನ ಎಲ್ಲದಕ್ಕೂ ಇದೇ ಮಾತು. ಆ ಚಾರ್ಜರ್ ಕೊಡುವುದು ಎಸಿ. ಕ್ಯಾಲ್ಕುಲೇಟರ್ ಒಳಗೆ ಅದು ಡಯೋಡ್ ದಾಟಿ ಬ್ಯಾಟರಿಗೆ ಹೋಗುತ್ತದೆ. ಅಲ್ಲಿ ವೋಲ್ಟೇಜ್ ಏರದಂತೆ ಹಿಡಿದಿಡುವುದು ಆ ಎರಡು ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳೇ, ಬೇರೆ ರೆಗ್ಯುಲೇಟರ್ ಇಲ್ಲ. ಬ್ಯಾಟರಿ ಇಲ್ಲದೆ ಚಾರ್ಜರ್ ಚುಚ್ಚಿದರೆ ಪೂರ್ತಿ ವೋಲ್ಟೇಜ್ ಚಿಪ್‌ಗಳ ಮೇಲೆ ಬೀಳುತ್ತದೆ, ಚಿಪ್ ಸತ್ತೇ ಹೋಗುತ್ತದೆ. ಬ್ಯಾಟರಿ ಇದ್ದೂ ಕಾಂಟ್ಯಾಕ್ಟ್ ಕಿಲುಬು ಹಿಡಿದಿದ್ದರೆ ಅಪಾಯ ಅಷ್ಟೇ. ಇನ್ನು 110ರ ಚಾರ್ಜರನ್ನು ನಮ್ಮ 230ಕ್ಕೆ ಹಾಕಲೇಬಾರದು. ಅದನ್ನು ನೆನಪಿಗೆ ಎತ್ತಿಡಿ.

ಎರಡನೆಯ ಉತ್ತರ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಕೊಡಬೇಕಾದ ಜಾಗ ಬ್ಯಾಟರಿ ಕಾಂಟ್ಯಾಕ್ಟ್, ಕೊಡಬೇಕಾದದ್ದು 2.5 ವೋಲ್ಟ್ ಡಿಸಿ.

ನಾನು ಮಾಡಿಕೊಂಡದ್ದು ಎಲ್‌ಎಂ317 ಹಾಕಿ, ಅಂದರೆ ಬೇಕಾದ ವೋಲ್ಟೇಜ್‌ಗೆ ಹೊಂದಿಸಿಕೊಳ್ಳಬಹುದಾದ ಮೂರು ಕಾಲಿನ ರೆಗ್ಯುಲೇಟರ್ ಐಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಔಟ್‌ಪುಟ್‌ಗೂ ಅಡ್ಜಸ್ಟ್ ಕಾಲಿಗೂ ನಡುವೆ ಇದು 1.25 ವೋಲ್ಟ್ ಹಿಡಿದಿಡುತ್ತದೆ, ಹಾಗಾಗಿ ಔಟ್‌ಪುಟ್‌ನಿಂದ ಅಡ್ಜಸ್ಟ್ ಕಾಲಿಗೆ ಒಂದು, ಅಲ್ಲಿಂದ ಗ್ರೌಂಡಿಗೆ ಒಂದು, ಎರಡೂ ರೆಸಿಸ್ಟರ್ 240 ಓಮ್ ಹಾಕಿದರೆ ಸರಿಯಾಗಿ 2.5 ಬರುತ್ತದೆ. ಇನ್‌ಪುಟ್ ಕಡೆ 0.1 ಮೈಕ್ರೊಫ್ಯಾರಡ್, ಔಟ್‌ಪುಟ್ ಕಡೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್. ಐಸಿಯ ಬೆನ್ನಿನ ಲೋಹ ಔಟ್‌ಪುಟ್‌ಗೇ ಸೇರಿರುತ್ತದೆ, ಅದು ಗ್ರೌಂಡಿಗೆ ತಾಗದಂತೆ ನೋಡಿಕೊಳ್ಳಿ.

ಗ್ರೌಂಡ್ ಕಡೆಯ ರೆಸಿಸ್ಟರ್ ಬದಲು ಪ್ರೀಸೆಟ್ (ತಿರುಗಿಸಿ ಓಮ್ ಬದಲಿಸುವ ಪುಟ್ಟ ರೆಸಿಸ್ಟರ್) ಹಾಕಿ ವೋಲ್ಟೇಜ್ ತಿರುಗಿಸಿಕೊಳ್ಳೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಹಳೆಯದಾದ ಪ್ರೀಸೆಟ್‌ನಲ್ಲಿ ನಡುವಿನ ಕಾಲು ಸಂಪರ್ಕ ಬಿಟ್ಟರೆ, ಅಥವಾ ಗ್ರೌಂಡ್ ಕಡೆಯ ರೆಸಿಸ್ಟರಿನ ಬೆಸುಗೆ ಬಿಟ್ಟರೂ ಸರಿ, ಔಟ್‌ಪುಟ್ ಇನ್‌ಪುಟ್‌ನ ಹತ್ತಿರಕ್ಕೆ ಜಿಗಿಯುತ್ತದೆ. ಇನ್‌ಪುಟ್‌ಗೆ 12 ವೋಲ್ಟ್ ಅಡಾಪ್ಟರ್ ಹಾಕಿದ್ದರೆ ಆಗ 10ರ ಮೇಲೆ ಹೋಗುತ್ತದೆ. ಅದಕ್ಕೇ 5 ವೋಲ್ಟಿನ ಫೋನ್ ಚಾರ್ಜರ್ ಒಳ್ಳೆಯದು, ಅದೇ ತಪ್ಪಾದರೂ ಮೂರೂವರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಶಾಖವೂ ಕಡಿಮೆ, ಹೀಟ್‌ಸಿಂಕ್ ಬೇಕಾಗಲಿಲ್ಲ.

ಮೂರನೆಯ ಉತ್ತರ:
ಇದಕ್ಕೆ ಒಂದು ಸೇರ್ಪಡೆ. ಔಟ್‌ಪುಟ್‌ಗೆ ಅಡ್ಡಲಾಗಿ ನಾಲ್ಕು 1ಎನ್5408 ಡಯೋಡ್ ಸಾಲಾಗಿ ಹಾಕಿ, ಚಾರ್ಜರ್‌ಗೂ ಐಸಿಗೂ ನಡುವೆ 500 ಮಿಲಿಆಂಪ್ ಫ್ಯೂಸ್. ಐಸಿಯೇ ಶಾರ್ಟ್ ಆದರೆ ಡಯೋಡ್‌ಗಳು ಕರೆಂಟನ್ನು ಎಳೆದುಕೊಳ್ಳುತ್ತವೆ, ಫ್ಯೂಸ್ ಹೋಗುತ್ತದೆ. ಚಾರ್ಜರ್ 2 ಆಂಪಿನದಾದರೆ ಒಳ್ಳೆಯದು. ಇದೇ ಕೆಲಸಕ್ಕೆ ಜೀನರ್ (ಒಂದು ವೋಲ್ಟೇಜ್ ದಾಟಿದರೆ ಕರೆಂಟ್ ಬಿಡುವ ಡಯೋಡ್) ಯಾಕೆ ಬೇಡ ಅಂದರೆ, ಮೂರು ವೋಲ್ಟಿನ ಜೀನರ್‌ಗಳು ಗಟ್ಟಿಯಾಗಿ ಒಂದು ಕಡೆ ನಿಲ್ಲುವುದಿಲ್ಲ.

ನಾಲ್ಕನೆಯ ಉತ್ತರ:
ವೈರ್ ಒಳಗೆ ತರುವುದೇ ತಲೆನೋವಿನ ಕೆಲಸ. ಹಳೆಯ ಪ್ಲಾಸ್ಟಿಕ್ ಕೊರೆಯಬೇಡಿ, ಆ ಡಬ್ಬಿ ಮತ್ತೆ ಸಿಗುವುದಿಲ್ಲ. 14 ಮಿಲಿಮೀಟರ್ ದಪ್ಪದ ಮರದ ಕಡ್ಡಿಯನ್ನು 50 ಮಿಲಿಮೀಟರ್ ಉದ್ದಕ್ಕೆ ಕೊಯ್ದು ಎರಡು ಸುಳ್ಳು ಸೆಲ್ ಮಾಡಿ. ಎರಡರ ತುದಿಗೂ ಹಿತ್ತಾಳೆ ಸ್ಕ್ರೂ, ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ವೈರ್. ಎರಡು ಸೆಲ್ ಸೇರುವ ಕಡೆಯ ತುದಿಗೆ ಲೋಹವೇ ಬೇಡ. ವೈರ್‌ಗೆ ಎನಾಮೆಲ್ ತಂತಿ (ಮೇಲೆ ವಾರ್ನಿಷ್ ಪದರ ಇರುವ ತಾಮ್ರದ ತಂತಿ) ಬಳಸಿ, ಅದು ತೆಳ್ಳಗಿರುವುದರಿಂದ ಮುಚ್ಚಳದ ಸಂದಿಯಲ್ಲೇ ಹೊರಗೆ ಬರುತ್ತದೆ. ಕ್ಯಾಲ್ಕುಲೇಟರ್ ಕಾಂಟ್ಯಾಕ್ಟ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಮೊದಲು ವಿನೆಗರ್ ಅದ್ದಿದ ಹತ್ತಿಯಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ.

ಎರಡನೆಯ ಉತ್ತರ ಬರೆದವರು:
ಇನ್ನೊಂದು ಮಾತು. ಜೋಡಿಸುವ ಮೊದಲು 15 ಓಮ್, 1 ವ್ಯಾಟ್ ರೆಸಿಸ್ಟರನ್ನು ಲೋಡ್ ಆಗಿ ಹಾಕಿ ಅರ್ಧ ಗಂಟೆ ಬಿಡಿ, ಮಲ್ಟಿಮೀಟರ್ 2.5ರಲ್ಲೇ ನಿಂತಿದೆಯಾ ನೋಡಿ. ಪ್ಲಸ್ ಮೈನಸ್ ಎರಡೆರಡು ಸಲ ನೋಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ. ಸಾಕೆಟ್ ಯೋಚನೆ ಬಿಟ್ಟೆ. ಫೋನ್ ಚಾರ್ಜರ್ ಬದಲು ಪವರ್ ಬ್ಯಾಂಕ್ ಆಗುತ್ತದಾ? ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ.

ಮೊದಲ ಉತ್ತರ ಬರೆದವರು:
ಆಗುತ್ತದೆ. ಆದರೆ ಕೆಲವು ಪವರ್ ಬ್ಯಾಂಕ್ ಕಡಿಮೆ ಕರೆಂಟ್ ಎಳೆದರೆ ತಾವೇ ಆಫ್ ಆಗುತ್ತವೆ. 25ರಲ್ಲಿ ಪವರ್ ಹೋದರೆ ಬರೆದಿಟ್ಟ ಪ್ರೋಗ್ರಾಂನ 49 ಸಾಲೂ ಹೋಗುತ್ತದೆ. ಉಳಿಸಿಕೊಳ್ಳುವುದು 1976ರಲ್ಲಿ ಬಂದ 25ಸಿ ಮಾತ್ರ. ಪ್ರೋಗ್ರಾಂ ಕಾಗದದಲ್ಲೂ ಬರೆದಿಟ್ಟುಕೊಳ್ಳಿ.