ಹತ್ತು ಜಾಝ್ ಫ್ಯೂಷನ್ ಎಲ್‌ಪಿ ತಗೊಳ್ಬೇಕು: ಯಾವುದು, ಹೊಸದೋ ಹಳತೋ, ಮಳೆಗಾಲದಲ್ಲಿ ಇಡುವುದು ಹೇಗೆ?

ಕಲ್ಸಂಕ33 (ಉಡುಪಿ)

ಮೂವತ್ತು ಸಾವಿರ ರೂಪಾಯಿ ತೆಗೆದಿಟ್ಟದ್ದುಂಟು. ಜಾಝ್ ಫ್ಯೂಷನ್‌ನ (ಜಾಝ್‌ಗೆ ರಾಕ್, ನಮ್ಮ ಸಂಗೀತ ಇತ್ಯಾದಿ ಬೆರೆಸಿದ್ದು) ಹತ್ತು ಎಲ್‌ಪಿ ರೆಕಾರ್ಡ್ ಬೇಕು. ಕಿವಿ ಪಳಗಿದ್ದು ಕರ್ನಾಟಕ ಸಂಗೀತಕ್ಕೆ, ಅದರಲ್ಲೂ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿಗೆ. ಫ್ಯೂಷನ್‌ನಲ್ಲಿ ಗಿಟಾರ್‌ನ ಜಾನ್ ಮೆಕ್‌ಲಾಫ್ಲಿನ್ ನಮ್ಮ ವಾದಕರ ಜೊತೆ ಕಟ್ಟಿದ ಶಕ್ತಿ ತಂಡ ಬಿಟ್ಟರೆ ಮತ್ತೆಲ್ಲ ಹೊಸತು. ಪ್ಲೇಯರ್ ಬೆಲ್ಟ್ ಡ್ರೈವ್, ಕಾರ್ಟ್ರಿಡ್ಜ್ (ಸೂಜಿ ಕೂರುವ ಭಾಗ) ಆಡಿಯೊ ಟೆಕ್ನಿಕಾ ವಿಎಂ95ಇ. ರೆಕಾರ್ಡ್ ಇಡುವ ಮನೆ ಮಲ್ಪೆ ಕಡೆ, ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಗೋಡೆ ಮುರಕಲ್ಲಿನದು, ಏಸಿ ಇಲ್ಲ. ಯಾವ ಹತ್ತು? ಹಳೇ ಪ್ರೆಸ್ಸಿಂಗೇ (ಆ ಕಾಲದಲ್ಲೇ ಅಚ್ಚಾದ ಪ್ರತಿ) ಬೇಕಾ, ಹೊಸದು ಸಾಕಾ? ಜೂನ್ ಬಂದ ಮೇಲೆ ಬೂಷ್ಟು ಹಿಡಿಯದ ಹಾಗೆ ಎಂತ ಮಾಡುವುದು?

ಬಲ್ಮಠ_ಬಾಸ್ (ಮಂಗಳೂರು)

ಹತ್ತು ಬೇಡ, ಆರಕ್ಕೆ ನಿಲ್ಲಿಸಿ. ಹೊಸ ಇಂಪೋರ್ಟ್ ಎಲ್‌ಪಿ ಒಂದಕ್ಕೆ ಮೂರು ಸಾವಿರದ ಆಚೀಚೆ. ಹತ್ತು ತಗೊಂಡರೆ ಕವರು, ಬ್ರಷ್ಷು, ಪೆಟ್ಟಿಗೆಗೆ ಕಾಸು ಉಳಿಯುವುದಿಲ್ಲ. ಮಲ್ಪೆಯಲ್ಲಿ ಅವಿಲ್ಲದೆ ಹತ್ತು ಇಟ್ಟರೆ ಎರಡು ಮಳೆಗಾಲ ಕಳೆಯುವಾಗ ಅರ್ಧ ಹಾಳು.

ಮೊದಲನೆಯದು ಶಕ್ತಿಯ 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ'. ಎಲ್ಲರೂ 1976ರ ಮೊದಲ ಆಲ್ಬಮ್ಮನ್ನೇ ಹೇಳ್ತಾರೆ. ಅದು 1975ರ ಜುಲೈಯಲ್ಲಿ ಕಛೇರಿಯಲ್ಲೇ ಮುದ್ರಿಸಿದ್ದು, ಎರಡನೇ ಸೈಡ್ ಇಡೀ ಒಂದೇ ರಚನೆ, ಸುಮಾರು 29 ನಿಮಿಷ. ಎಲ್‌ಪಿಯ ಒಂದು ಸೈಡಿಗೆ 20-22 ನಿಮಿಷ ಹಿತ. ಅದಕ್ಕಿಂತ ಉದ್ದವಾದರೆ ಗ್ರೂವ್‌ಗಳನ್ನು (ಸೂಜಿ ಓಡುವ ಗೆರೆಗಳನ್ನು) ಒತ್ತೊತ್ತಾಗಿ ಕೊರೆಯಬೇಕು, ಹಾಗೆ ಕೊರೆಯಲು ಧ್ವನಿಮಟ್ಟ ಇಳಿಸಬೇಕು. ನೀವು ವಾಲ್ಯೂಮ್ ಏರಿಸ್ತೀರಿ, ಧೂಳಿನ ಚಟಪಟವೂ ಜೊತೆಗೇ ಏರ್ತದೆ. 'ಹ್ಯಾಂಡ್‌ಫುಲ್' ಸ್ಟುಡಿಯೊದ್ದು. ಎಲ್. ಶಂಕರ್ ವಯೊಲಿನ್, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ ಬೇರೆಬೇರೆಯಾಗಿ ಕೇಳ್ತದೆ. 'ಕೃತಿ' ಅಂತಲೇ ಒಂದು ರಚನೆ ಉಂಟು, ನಿಮ್ಮ ಕಿವಿಗೆ ಅಲ್ಲಿಂದ ಹತ್ತುವುದು ಸುಲಭ.

ಎರಡನೆಯದನ್ನು ನಮ್ಮವರೇ ಹೆಚ್ಚಾಗಿ ಮರೆತಿದ್ದಾರೆ: ಚಾರ್ಲಿ ಮರಿಯಾನೊ ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸೇರಿ ಮಾಡಿದ 'ಜ್ಯೋತಿ', ಇಸಿಎಂ ಲೇಬಲ್, 1983. ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಅದರ ಮೇಲೆ ಸ್ಯಾಕ್ಸೊಫೋನು, ಕೊಳಲು. ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಗಮಕ ನುಡಿಸಿದ್ದನ್ನು ಕೇಳಿದವರಿಗೆ, ಜಾಝ್‌ನವನೊಬ್ಬ ಅದೇ ವಾದ್ಯ ಹಿಡಿದು ಆ ಕಡೆಯಿಂದ ಈ ಕಡೆಗೆ ಬರುವುದು ಹೇಗೆ ಅಂತ ಇದರಲ್ಲಿ ಸಿಗ್ತದೆ. ಹಳೇ ಪ್ರತಿ ಸ್ವಚ್ಛವಾಗಿದ್ದರೆ ಬಿಡಬೇಡಿ.

ಆಮೇಲೆ ಮಹಾವಿಷ್ಣು ಆರ್ಕೆಸ್ಟ್ರಾದ 'ಬರ್ಡ್ಸ್ ಆಫ್ ಫೈರ್' (1973). ಗಾಂಗ್ ಬಡಿತದಿಂದ ಶುರುವಾಗುವ ಮೊದಲ ರಚನೆ ಹದಿನೆಂಟರ ಲೆಕ್ಕದಲ್ಲಿ ಓಡ್ತದೆ. ಕೈಯಲ್ಲಿ ತಾಳ ಹಾಕಿ ನೋಡಿ, ಗೊಂದಲ ಅಲ್ಲ ಅಂತ ಎರಡು ಆವರ್ತಕ್ಕೆ ಗೊತ್ತಾಗ್ತದೆ. ಹರ್ಬಿ ಹ್ಯಾನ್ಕಾಕ್‌ನ 'ಹೆಡ್ ಹಂಟರ್ಸ್' (1973): ನಾಲ್ಕೇ ರಚನೆ, ಸೈಡ್ ಒಂದಕ್ಕೆ 22 ನಿಮಿಷ, ಎರಡನೆಯದಕ್ಕೆ 20ರ ಒಳಗೆ. 'ಕಮೀಲಿಯನ್' ಶುರುವಿನ ತಗ್ಗು ನಾದ ಬಾಸ್ ಗಿಟಾರಿನದಲ್ಲ, ಸಿಂಥಸೈಜರಿನದು. ಅಲ್ಲಿ ಸೂಜಿ ಕುಣಿದಾಡಿದರೆ ಅದರ ಮೇಲಿನ ತೂಕ ಸರಿ ಇಲ್ಲ ಅಂತ ಅರ್ಥ. ವೆದರ್ ರಿಪೋರ್ಟ್‌ನ 'ಹೆವಿ ವೆದರ್' (1977). ಕೊನೆಗೆ ಮೈಲ್ಸ್ ಡೇವಿಸ್‌ನ 'ಇನ್ ಎ ಸೈಲೆಂಟ್ ವೇ' (1969).

ಬಿಜೈ_ಬಿ_ಸೈಡ್ (ಮಂಗಳೂರು)

ಪಟ್ಟಿ ಒಪ್ಪಿದೆ, ಒಂದು ಮಾತು ಬಿಟ್ಟು. 'ಇನ್ ಎ ಸೈಲೆಂಟ್ ವೇ'ಯನ್ನು ಹಳೇ ಪ್ರತಿಯಾಗಿ ತಗೊಳ್ಬೇಡಿ, ಹೊಸ ಮರುಮುದ್ರಣವೇ ಸಾಕು. ಸೈಡಿಗೆ ಒಂದೇ ರಚನೆ, ಇಡೀ ಆಲ್ಬಂ ಪಿಸುಮಾತು. 'ಬರ್ಡ್ಸ್ ಆಫ್ ಫೈರ್'ನಲ್ಲಿ ಬಿಲ್ಲಿ ಕಾಬಮ್‌ನ ಡ್ರಮ್ಮಿನಡಿ ಹತ್ತು ಚಟಪಟ ಮುಚ್ಚಿಹೋದೀತು, ಇಲ್ಲಿ ಒಂದು ಕೂಡ ಮುಚ್ಚುವುದಿಲ್ಲ. ಅಂದ ಹಾಗೆ ಎರಡನೇ ಸೈಡಿನ ಕೊನೆಗೆ ಶುರುವಿನ ನಾಲ್ಕು ನಿಮಿಷ ಹಾಗೆಯೇ ಮತ್ತೆ ಬರ್ತದೆ. ರೆಕಾರ್ಡಿನ ದೋಷ ಅಲ್ಲ, ನಿರ್ಮಾಪಕ ಟಿಯೊ ಮಸೆರೊ ಅದೇ ಟೇಪನ್ನು ಎರಡು ಸಲ ಅಂಟಿಸಿದ್ದು.

'ಬಿಚಸ್ ಬ್ರೂ' (1970) ಸದ್ಯಕ್ಕೆ ಬಿಡಿ. ಜೋಡಿ ಎಲ್‌ಪಿ, ಅದರ ಎರಡನೇ ಸೈಡ್ ಒಂದೇ ರಚನೆಯಲ್ಲಿ 27 ನಿಮಿಷ. ಸವೆದ ಪ್ರತಿಯಲ್ಲಿ ಅದನ್ನು ಕೇಳುವುದು ಶಿಕ್ಷೆ.

ಕೊಲಂಬಿಯಾ ಲೇಬಲ್‌ನ ಹಳೇ ಪ್ರತಿ ನೋಡುವಾಗ ಜಾಕೆಟ್‌ನ (ಹೊರಗಿನ ರಟ್ಟಿನ ಕವರಿನ) ಬೆನ್ನಿನ ಸಂಖ್ಯೆ ಓದಿ. 'ಹೆಡ್ ಹಂಟರ್ಸ್'ನಲ್ಲಿ ಅದು 'ಸಿಕ್ಯು' ಅಕ್ಷರದಿಂದ ಶುರುವಾದರೆ ಕ್ವಾಡ್ರಾಫೋನಿಕ್ (ನಾಲ್ಕು ಸ್ಪೀಕರಿಗಾಗಿ ಮಾಡಿದ) ಆವೃತ್ತಿ. ಸ್ಟೀರಿಯೊದಲ್ಲೂ ಓಡ್ತದೆ, ಸೂಜಿಗೆ ತೊಂದರೆ ಇಲ್ಲ, ಆದರೆ ಮಿಕ್ಸ್ ಬೇರೆ. ವಾದ್ಯಗಳು ಇರಬೇಕಾದಲ್ಲಿ ಇರುವುದಿಲ್ಲ. ಸಂಗ್ರಹಕ್ಕೆ ಸರಿ, ಮೊದಲ ಪ್ರತಿಯಾಗಿ ಬೇಡ. ಮೊದಲ ಪ್ರೆಸ್ಸಿಂಗ್ ಅಂತ ಎರಡು ಪಟ್ಟು ಕೊಡುವುದು ಕೂಡ ನಿಮ್ಮ ಕಾರ್ಟ್ರಿಡ್ಜ್‌ಗೆ ವ್ಯರ್ಥ, ಬೇಜಾರು ಮಾಡ್ಕೊಳ್ಬೇಡಿ.

ಪಡುಬಿದ್ರಿ_ಪ್ಲ್ಯಾಟರ್

ಬೂಷ್ಟಿನ ವಿಷಯ. ರೆಕಾರ್ಡ್ ಪ್ಲೇಟಿನ ಪಿವಿಸಿ ಪ್ಲಾಸ್ಟಿಕ್ ಅದಕ್ಕೆ ಅಷ್ಟು ರುಚಿ ಇಲ್ಲ. ಅದು ತಿನ್ನುವುದು ರಟ್ಟು, ಅಂಟು, ಬೆರಳಿನ ಜಿಡ್ಡು. ಹಾಗಾಗಿ ಮೊದಲ ಕೆಲಸ: ಒಳಗಿನ ಕಾಗದದ ಕವರ್ ತೆಗೆದು ಎಚ್‌ಡಿಪಿಇ (ಒಂದು ಬಗೆಯ ಪ್ಲಾಸ್ಟಿಕ್) ಒಳಪದರದ ಕವರ್ ಹಾಕಿ. ಹೊರಗಿನದು ಪಾಲಿಪ್ರೊಪಿಲೀನ್ ಆಗಿರಲಿ. ದಪ್ಪ, ಮೆತ್ತಗಿನ ಪಿವಿಸಿ ಕವರ್ ಚಂದ ಕಾಣ್ತದೆ, ಆದರೆ ಅದರಿಂದ ಹೊರಡುವ ಪ್ಲಾಸ್ಟಿಸೈಜರ್ (ಮೆತ್ತಗಾಗಿಸುವ ರಾಸಾಯನಿಕ) ಪ್ಲೇಟಿನ ಮೇಲೆ ಮಂಜು ಕೂರಿಸ್ತದೆ, ಅದು ತೊಳೆದರೂ ಹೋಗುವುದಿಲ್ಲ.

ಇನ್ನು ಸಿಲಿಕಾ ಜೆಲ್. ಚಪ್ಪಲಿ ಪೆಟ್ಟಿಗೆಯ ಐದು ಗ್ರಾಂ ಪೊಟ್ಟಣ ಹಾಕಿ ನಿಶ್ಚಿಂತೆಯಲ್ಲಿರುವವರು ಒಮ್ಮೆ ಲೆಕ್ಕ ಮಾಡಿ. 40 ಲೀಟರಿನ ಪೆಟ್ಟಿಗೆಯೊಳಗಿನ ಗಾಳಿಯಲ್ಲಿ, ನಮ್ಮ ಜುಲೈಯಲ್ಲೂ, ಇರುವ ನೀರು ಒಂದು ಗ್ರಾಂ ಚಿಲ್ಲರೆ. ನೀರು ಕೂತಿರುವುದು ರಟ್ಟಿನಲ್ಲಿ. ಒಂದು ಜಾಕೆಟ್ ಸುಮಾರು 80 ಗ್ರಾಂ. ಶೇ 85ರ ತೇವದಿಂದ ಶೇ 50ಕ್ಕೆ ಇಳಿಸಬೇಕಾದರೆ ತನ್ನ ತೂಕದ ಶೇ 4-5ರಷ್ಟು ನೀರು ಬಿಡಬೇಕು, ಅಂದರೆ ಮೂರು ನಾಲ್ಕು ಗ್ರಾಂ. ಆರು ಜಾಕೆಟ್‌ಗೆ 20-25 ಗ್ರಾಂ. ಜೆಲ್ ಆ ಮಟ್ಟದಲ್ಲಿ ತನ್ನ ತೂಕದ ಕಾಲು ಭಾಗ ಹೀರ್ತದೆ. 100 ಗ್ರಾಂ ಲೆಕ್ಕಕ್ಕೆ ಸಾಕು, ಮುಚ್ಚಳ ತೆಗೆದಾಗಲೆಲ್ಲ ನುಗ್ಗುವ ತೇವಕ್ಕೂ ಸೇರಿ 250 ಗ್ರಾಂ ಇಡಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ತುಂಬಿದಾಗ ಹಸಿರಾಗ್ತದೆ. ನೀಲಿ ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತದೆ, ಅಡುಗೆಮನೆಯ ಓವನ್ನಿಗೆ ಹಾಕುವ ವಸ್ತು ಅಲ್ಲ. ಕಿತ್ತಳೆಯದ್ದನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರ್ತದೆ. ಮೊದಲ ವಾರ ಮೂರನೇ ದಿನಕ್ಕೇ ಹಸಿರಾದರೆ ಗಾಬರಿ ಬೇಡ, ರಟ್ಟು ಒಣಗ್ತಾ ಉಂಟು.

ಪೆಟ್ಟಿಗೆಗೆ ರಬ್ಬರ್ ಅಂಚಿನ ಮುಚ್ಚಳ ಬೇಕು, ಒಳಗೆ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್. ಶೇ 45ರಿಂದ 55 ಒಳ್ಳೆಯದು, 65 ದಾಟಿದರೆ ಬೂಷ್ಟಿಗೆ ಆಮಂತ್ರಣ. ಆರೇ ಪ್ಲೇಟು ಇದ್ದರೆ ಪೆಟ್ಟಿಗೆಯ ಖಾಲಿ ಜಾಗಕ್ಕೆ ಥರ್ಮೋಕೋಲ್ ತುಂಬಿ ನೆಟ್ಟಗೆ ನಿಲ್ಲಿಸಿ. ವಾಲಿಕೊಂಡು ನಿಂತ ಪ್ಲೇಟು ಬಾಗ್ತದೆ. ಮುರಕಲ್ಲು ಗೋಡೆಗೆ ತಾಗಿಸಬೇಡಿ, ನೆಲದಲ್ಲೂ ಬೇಡ, ಎರಡೂ ಕಡೆ ನಾಲ್ಕು ಬೆರಳು ಬಿಡಿ. ನುಸಿಗುಳಿಗೆ ಹಾಕಲೇಬೇಡಿ, ಅದರ ಆವಿ ಪ್ಲಾಸ್ಟಿಕ್‌ಗೆ ಆಗಿಬರುವುದಿಲ್ಲ.

ಕಲ್ಸಂಕ33

ಉಪಕಾರ. ಆರೇ ಆಗಲಿ. ಈಗ 'ಹ್ಯಾಂಡ್‌ಫುಲ್'ನ ಹಳೇ ಪ್ರತಿ ಒಂದು ಕಡಿಮೆಗೆ ಸಿಗ್ತದೆ. ಫೋಟೊದಲ್ಲಿ ಬಿಳಿ ಚುಕ್ಕೆಗಳಿವೆ, ಒಂದು ಕೂದಲೆಳೆ ಗೀರೂ ಉಂಟು. ಮಾರುವವರು 'ಒರೆಸಿದರೆ ಹೋಗ್ತದೆ' ಅಂತಾರೆ. ನಂಬಬಹುದಾ?

ಬಿಜೈ_ಬಿ_ಸೈಡ್

ಫೋಟೊ ನಂಬಬೇಡಿ, ಎರಡೂ ಸೈಡ್ ಶುರುವಿನಿಂದ ಒಂದೊಂದು ನಿಮಿಷ ನುಡಿಸಿ ಧ್ವನಿ ಕಳಿಸಲು ಹೇಳಿ. ಚಟ್ ಅನ್ನುವುದು 1.8 ಸೆಕೆಂಡಿಗೊಮ್ಮೆ ಲೆಕ್ಕ ಹಾಕಿದ ಹಾಗೆ ಬಂದರೆ ಅದು ಗೀರು. ಪ್ಲೇಟು ಒಂದು ಸುತ್ತು ಬರುವ ಹೊತ್ತು ಅಷ್ಟೇ. ಹೊತ್ತುಗೊತ್ತಿಲ್ಲದೆ ಉದುರಿದ ಹಾಗೆ ಬಂದರೆ ಕೊಳೆ ಅಥವಾ ಬೂಷ್ಟು, ಅದಕ್ಕೆ ಮದ್ದುಂಟು. ಕೈಗೆ ಬಂದ ಮೇಲೆ ಟಾರ್ಚನ್ನು ಅಡ್ಡ ಹಿಡಿದು ನೋಡಿ. ಗೀರಿನ ಮೇಲೆ ಉಗುರು ಮೆಲ್ಲಗೆ ಆಡಿಸಿದಾಗ ತಡೆಯದಿದ್ದರೆ ಹೆಚ್ಚಾಗಿ ಕೇಳುವುದಿಲ್ಲ.

ತರಿಸುವಾಗ ಪ್ಲೇಟನ್ನು ಜಾಕೆಟ್‌ನಿಂದ ಹೊರತೆಗೆದು ಅದರ ಹಿಂದೆ ಇಟ್ಟು ಕಟ್ಟಲು ಹೇಳಿ, ಇಲ್ಲದಿದ್ದರೆ ದಾರಿಯಲ್ಲಿ ಅದು ಜಾಕೆಟ್‌ನ ಅಂಚನ್ನು ಸೀಳಿಕೊಂಡು ಬರ್ತದೆ.

ಪಡುಬಿದ್ರಿ_ಪ್ಲ್ಯಾಟರ್

ಬೂಷ್ಟು ತೆಗೆಯುವುದು ಹೀಗೆ. ಮೊದಲು ಅಂಗಳಕ್ಕೆ ತಗೊಂಡು ಹೋಗಿ, ಮಾಸ್ಕ್ ಹಾಕಿ, ಒಣ ಕಾರ್ಬನ್ ಬ್ರಷ್‌ನಲ್ಲಿ ಗ್ರೂವ್ ಹೋದ ದಿಕ್ಕಿಗೇ ಎಳೆಯಿರಿ. ಮನೆಯೊಳಗೆ ಕೊಡವಿದರೆ ಉಳಿದ ಐದಕ್ಕೂ ಬಿತ್ತನೆ ಆದ ಹಾಗೆ.

ಆಮೇಲೆ ದ್ರಾವಣ: 800 ಮಿಲಿ ಡಿಸ್ಟಿಲ್ಡ್ ನೀರು, 200 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್ (ಶೇ 99ರದ್ದು), ಫೋಟೊಗ್ರಫಿಯವರು ಬಳಸುವ ವೆಟಿಂಗ್ ಏಜೆಂಟ್ ಎರಡು ಮೂರು ಹನಿ. ಆ ಹನಿ ಇಲ್ಲದಿದ್ದರೆ ನೀರು ಗ್ರೂವ್ ಒಳಗೆ ಇಳಿಯದೆ ಮೇಲೆಯೇ ಮುತ್ತಾಗಿ ನಿಲ್ತದೆ. ಐದಾರು ಹನಿ ಆದರೆ ಒಣಗಿದ ಮೇಲೆ ಅದೇ ಜಿಡ್ಡು. ಬಾವಿ ನೀರು, ಬೋರ್‌ವೆಲ್ ನೀರು ಬೇಡ, ಸುಣ್ಣ ಕೂರ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರ್ತದೆ. ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟಿಗೆ ಈ ದ್ರಾವಣ ತಾಗಿಸಲೇಬೇಡಿ. ಅದು ಅರಗು, ಆಲ್ಕೊಹಾಲ್‌ಗೆ ಕರಗ್ತದೆ.

ಲೇಬಲ್ ಒದ್ದೆಯಾಗದ ಹಾಗೆ ನೋಡಿಕೊಂಡು ಹಾಕಿ, ಎರಡು ನಿಮಿಷ ಬಿಟ್ಟು, ಮೆತ್ತಗಿನ ಬ್ರಷ್‌ನಲ್ಲಿ ಐದಾರು ಸುತ್ತು ತಿಕ್ಕಿ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆಯಿರಿ. ಮಳೆಗಾಲದಲ್ಲಿ ಫ್ಯಾನ್ ಅಡಿ ಮೂರು ಗಂಟೆ ಇಟ್ಟರೂ ಗ್ರೂವ್ ತಳದಲ್ಲಿ ಪಸೆ ಉಳಿದಿರ್ತದೆ, ಇಡೀ ರಾತ್ರಿ ಬಿಡಿ. ಹಳೇ ಒಳಕವರ್ ಒಲೆಗೆ. ಬೂಷ್ಟು ವರ್ಷಗಟ್ಟಲೆ ಕೂತು ಮೇಲ್ಮೈ ಕಚ್ಚಿದ್ದರೆ ಚುಕ್ಕೆ ಹೋದರೂ ಸದ್ದು ಉಳೀತದೆ, ಅದಕ್ಕೆ ಯಾವ ದ್ರಾವಣವೂ ಇಲ್ಲ.

ಬಲ್ಮಠ_ಬಾಸ್

ಕಾರ್ಟ್ರಿಡ್ಜ್ ಬಗ್ಗೆ ಯಾರೂ ಹೇಳಲಿಲ್ಲ. ವಿಎಂ95ಇ ಸೂಜಿಯ ಮೇಲೆ 2 ಗ್ರಾಂ ತೂಕ, ಆ್ಯಂಟಿಸ್ಕೇಟ್ (ತೋಳು ಒಳಕ್ಕೆ ಜಾರದ ಹಾಗೆ ತಡೆಯುವ ಗುಂಡಿ) ಕೂಡ ಅಷ್ಟೇ. ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆಯಿರಿ, ತೋಳಿನ ಹಿಂದಿನ ತೂಕದ ಗುಂಡಿನ ಅಂಕೆ ನೆಚ್ಚಿಕೊಳ್ಬೇಡಿ. ಕಡಿಮೆ ತೂಕ ಒಳ್ಳೆಯದು ಅಂತ ಒಂದೂವರೆಗೆ ಇಳಿಸಿದರೆ ಸೂಜಿ ಗ್ರೂವ್ ಒಳಗೆ ಕುಣಿದು ಗೋಡೆಯನ್ನೇ ಕೆತ್ತುತ್ತದೆ.

ಕೂಡಿಸಿದ್ದು ಸರಿಯೋ ಅಂತ ನೋಡಲು 'ಹೆವಿ ವೆದರ್' ಸಾಕು. ಪ್ಲೇಟಿನ ಹೊರ ಅಂಚಿನಲ್ಲಿ ಗ್ರೂವ್ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡ್ತದೆ, ಲೇಬಲ್ ಹತ್ತಿರ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ. 'ಬರ್ಡ್‌ಲ್ಯಾಂಡ್' ಮೊದಲ ಸೈಡಿನ ಮೊದಲನೆಯದು, ಯಾವ ಸೂಜಿಯಲ್ಲೂ ಚಂದವೇ. ಜಾಕೊ ಪಾಸ್ಟೋರಿಯಸ್‌ನ 'ಹವೋನಾ' ಎರಡನೇ ಸೈಡಿನ ಕಟ್ಟಕಡೆಯದು. ಅಲ್ಲಿ ಸಿಂಬಲ್ ಹರಿದ ಬಟ್ಟೆಯ ಹಾಗೆ ಕೇಳಿದರೆ ಪ್ಲೇಟನ್ನು ಬಯ್ಯುವ ಮೊದಲು ಪ್ರೊಟ್ರ್ಯಾಕ್ಟರ್ ಇಟ್ಟು ಕಾರ್ಟ್ರಿಡ್ಜ್‌ನ ಕೋನ ನೋಡಿ.

ಕಡಲ ಬದಿಯಲ್ಲಿ ಇನ್ನೊಂದು ಉಪದ್ರ: ಉಪ್ಪುಗಾಳಿಗೆ ಕಾರ್ಟ್ರಿಡ್ಜ್ ಹಿಂದಿನ ನಾಲ್ಕು ಪಿನ್ ಹಸಿರುಗಟ್ಟುತ್ತವೆ. ಒಂದು ಕಡೆಯ ಸ್ಪೀಕರ್ ಬಂದುಹೋಗಿ ಮಾಡಿದರೆ ಆ್ಯಂಪ್ ಬಿಚ್ಚಬೇಡಿ. ವಯರ್‌ಗಳನ್ನು ಇಕ್ಕುಳದಲ್ಲಿ ಒಂದೊಂದಾಗಿ ಕಳಚಿ (ಬಿಳಿ, ನೀಲಿ, ಕೆಂಪು, ಹಸಿರು ಯಾವುದು ಎಲ್ಲಿತ್ತು ಅಂತ ಮೊದಲು ಫೋಟೊ ತೆಗೆದಿಟ್ಟು), ಪಿನ್ನಿಗೆ ಪೆನ್ಸಿಲ್ ರಬ್ಬರ್ ತಿಕ್ಕಿ, ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಲ್ಲಿ ಒರೆಸಿ ಮತ್ತೆ ಹಾಕಿ. ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ.

ಕಲ್ಸಂಕ33

ಪಿನ್ ಈಗಲೇ ನೋಡಿದೆ. ಕೆಂಪು ವಯರಿನದ್ದು ಹಸಿರಾಗಿದೆ.